ಕೋಡಿಯ ಕಡೆ ಎದ್ದ ಕೆಂಪು ಬೆಳಕು

ಕೋಡಿಯ ಕಡೆ ಮೊದಲ ಕೆಂಪು ಬೆಳಕು ಎದ್ದದ್ದೇ ತಡ, ಕಾವಲುಗಾರ ರಕ್ಷಣಾ ದೋಣಿಯ ಕೀಲಿ ಹಿಡಿದು ದಡದ ಹಲಗೆಯ ಮೇಲೆ ಓಡಿಬಂದ.

"ಅಕ್ಕಾ, ಅದು ನಿಮ್ಮ ಮೈದುನನ ದೋಣಿ ಅಲ್ವಾ? ಹೊರಡ್ಲಾ?"

ಅವಳು ಕೈಕಟ್ಟಿ ನಿಂತೇ ಇದ್ದಳು.

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ತುಂಬಿದ ಸರೋವರ ಹೆಚ್ಚಿನ ನೀರನ್ನು ಬಂಡೆಗಳ ಮೇಲೆ ಚೆಲ್ಲುವ ಜಾಗವೇ ಕೋಡಿ. ಎಂಜಿನ್ ಕೆಟ್ಟು ಅತ್ತ ತೇಲಿದ ದೋಣಿಗೆ ಕಾಲು ಗಂಟೆಯ ಆಯಸ್ಸು. ಆದರೆ ಅಂದು ದೋಣಿ ಓಡಾಡುವ ಋತುವಿನ ಕಡೆಯ ಭಾನುವಾರ. ಅಪಾಯ ಸಾರಲು ದೋಣಿಯಲ್ಲಿಡುವ, ಅವಧಿ ಮುಗಿದ ಫ್ಲೇರ್‌ಗಳನ್ನು ಆ ಸಂಜೆ ನೀರಿನ ಮೇಲೆ ಹಾರಿಸಿ ಮುಗಿಸುವುದು ಅಲ್ಲಿಯ ದೋಣಿಯವರ ರೂಢಿ. ವರ್ಷವಿಡೀ 'ಕಾಪಾಡಿ' ಎನ್ನುವ ಬೆಳಕು ಅಂದೊಂದು ದಿನ ಬರೀ ಆಟ.

"ಹೋದ ವರ್ಷದ ಪೆಟ್ಟಿಗೆ ಖಾಲಿ ಮಾಡ್ತಿದ್ದಾನೆ ಕಣಪ್ಪಾ. ನೊರೆ ಮೇಲೆ ಕೆಂಪು ಚೆಂದ ಕಾಣುತ್ತಲ್ಲ."

ಕಾವಲುಗಾರ ಕೆಲಸಕ್ಕೆ ಸೇರಿ ಎರಡು ತಿಂಗಳು. ಅವಳ ಗಂಡ ಹೋದ ವರ್ಷ ಇದೇ ನೀರಿನ ಪಾಲಾದನೆಂದು ಕೇಳಿದ್ದ. ಗಂಡ ಹೋದಂದಿನಿಂದ ಮೈದುನ ದೋಣಿ ಬಿಚ್ಚುವ ಮುನ್ನ ಲೈಫ್ ಜಾಕೆಟ್, ಸೀಟಿ, ಬೆಂಕಿ ಆರಿಸುವ ಸಿಲಿಂಡರ್, ನೀರು ತೋಡುವ ಡಬ್ಬ ಎಲ್ಲವನ್ನೂ ಅವಳೇ ಪಟ್ಟಿ ಹಿಡಿದು ಮುಟ್ಟಿ ನೋಡುತ್ತಿದ್ದಳು. ದಡದವರು 'ಪಟ್ಟಿ ಅಕ್ಕ' ಎಂದೇ ಕರೆಯುತ್ತಿದ್ದರು. ಈ ವಿಷಯದಲ್ಲಿ ಅವಳ ಮಾತೆಂದರೆ ಶಿಲಾಶಾಸನ.

ಎರಡನೆಯದು ಎದ್ದಿತು.

"ಸೀಟಿ ಕೇಳಿಸಿದ ಹಾಗಾಯ್ತಕ್ಕಾ."

"ಹೊಟ್ಟೆಗೆ ಎಣ್ಣೆ ಬಿದ್ದಿದ್ರೆ ಸೀಟಿ ಏನು, ಹಾಡೂ ಹೇಳ್ತಾನೆ."

ಕಾವಲುಗಾರ ನಕ್ಕ. ಆದರೂ ಕೀಲಿಯನ್ನು ಕೈಯಿಂದ ಬಿಡಲಿಲ್ಲ. "ಪೆಟ್ಟಿಗೇಲಿ ಎಷ್ಟಿದ್ವು?"

"ಮೂರು. ನಾನೇ ಎಣಿಸಿಟ್ಟಿದ್ದು. ನಾಲ್ಕನೇದು ಎದ್ರೆ ಒಂದು ಕ್ಷಣಾನೂ ನಿಲ್ಲಬೇಡ, ಹೊರಡು."

ಮೂರನೆಯದು ಎದ್ದಿತು. ವಾಲಿತು. ಆರಿತು.

ಇಬ್ಬರೂ ಕಾದರು. ನೀರಿಗೆ ಅವಸರವಿಲ್ಲ, ದೇವರಿಗೂ ಇಲ್ಲ. ಕಾಲು ಗಂಟೆ ಕಳೆಯಿತು. ನಾಲ್ಕನೆಯದು ಏಳಲಿಲ್ಲ.

"ಸದ್ಯ!" ಕಾವಲುಗಾರ ಕೀಲಿಯನ್ನು ಜೇಬಿಗಿಳಿಸಿದ. "ನಿಮ್ಮ ಮಾತು ಕೇಳದೆ ಹೋಗಿದ್ರೆ ನಾಳೆ ನಿಮ್ಮ ಮೈದುನ ಗೇಲಿ ಮಾಡೇ ನನ್ನ ಸಾಯಿಸ್ತಿದ್ದ."

"ಇನ್ನು ಮಾಡಲ್ಲ ಬಿಡು," ಎಂದು ಅವಳು ನೀರಿಗೆ ಕೈಮುಗಿದಳು.

ಹೋದ ವರ್ಷದ ಪೆಟ್ಟಿಗೆಯಲ್ಲಿ ಒಂದೂ ಉಳಿದಿರಲಿಲ್ಲ; ಇಂದು ಎದ್ದವು ಈ ವರ್ಷದವು. ಆ ಪೆಟ್ಟಿಗೆಯ ಮೂರನ್ನೂ ಹೋದ ವರ್ಷದ ಇದೇ ಭಾನುವಾರ ಅವಳ ಗಂಡ ಕೋಡಿಗೆ ಬೀಳುವ ಮುನ್ನ ಒಂದೊಂದಾಗಿ ಹಾರಿಸಿದ್ದ. ಹೊರಟು ನಿಂತ ರಕ್ಷಣಾ ದೋಣಿಯನ್ನು 'ನಮ್ಮಣ್ಣನ ಆಟ ಬಿಡ್ರೋ' ಎಂದು ತಡೆದು ಮನೆಗೆ ಬಂದು ಉಂಡವನು ಈ ಮೈದುನ.