ಪ್ರಾಮಾಣಿಕ ಟಿಪ್‌ಸ್ಟರ್

“ನಿನ್ನ ಗಿರಾಕಿ ಒಬ್ಬರು ಸತತ ಒಂಬತ್ತು ಮ್ಯಾಚ್ ಗೆದ್ದಿದ್ದಾರೆ ಮಾರಾಯ! ಇವತ್ತೂ ಗೆದ್ದರೆ ನಿನ್ನ ಕೆಲಸ ಖಲಾಸ್,” ಎಂದು ಬೆಟ್ಟಿಂಗ್ ಏಜೆಂಟ್ ಆನ್ಸೆಲ್ಮ್ ಫೋನಿನಲ್ಲಿ ಗುಡುಗಿ, ಆ ಗಿರಾಕಿಯ ನಂಬರ್ ಓದಿ ಹೇಳಿದ. ಲತೇಶನ ಕೈಯಲ್ಲಿದ್ದ ಚಹಾ ಅರ್ಧ ಲುಂಗಿಗೆ ಚೆಲ್ಲಿತು. ಅದು ಅವನ ಹೆಂಡತಿ ಸುಪ್ರೀತಾಳ ನಂಬರ್.

ಗಲ್ಫಿನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಫ್ಲ್ಯಾಟಿನಲ್ಲಿ ಕೂತು, ಯಾವ ತಂಡ ಗೆಲ್ಲುತ್ತದೆಂದು ಇನ್ನೂರು ಜನರಿಗೆ ಕ್ರಿಕೆಟ್ ಟಿಪ್ ಕಳಿಸುವುದು ಲತೇಶನ ಕಸುಬು. ಅವನ ಮಾತು ನಂಬಿ ಅವರು ಸೋತದ್ದರಲ್ಲಿ ಏಜೆಂಟ್ ಅವನಿಗೆ ಪಾಲು ಕೊಡುತ್ತಿದ್ದ. ಮನೆ ಬಾಡಿಗೆ ನಡೆಯುತ್ತಿದ್ದುದೇ ಅದರಿಂದ. ಬೇರೆ ಟಿಪ್‌ಸ್ಟರುಗಳು ಬೇಕೆಂದೇ ತಪ್ಪು ಹೇಳುತ್ತಾರೆ. ಪಾಪ, ಲತೇಶನಿಗೆ ಆ ಕಷ್ಟವೂ ಇರಲಿಲ್ಲ. ಪಿಚ್ಚಿನಿಂದ ಹಿಡಿದು ಆಟಗಾರರ ಮೊಣಕಾಲು ನೋವಿನ ತನಕ ಓದಿ, ಎದೆಮುಟ್ಟಿ ಹೇಳಿದರೂ ಅವನದು ತಪ್ಪೇ ಆಗುತ್ತಿತ್ತು.

“ನೀನು ಬೆಟ್ ಕಟ್ತೀಯಾ?” ಲತೇಶ ಅಡುಗೆಮನೆಗೆ ನುಗ್ಗಿ ಕೇಳಿದ.

“ಸ್ವಲ್ಪ ಸ್ವಲ್ಪ,” ಸುಪ್ರೀತಾ ಬಸಳೆ ಸೋಸುತ್ತಲೇ ಹೇಳಿದಳು. “ನೀವು ಕಳಿಸಿದ್ದಕ್ಕೆ ಉಲ್ಟಾ ಹಾಕ್ತೇನೆ, ಅಷ್ಟೇ.”

“ಇದನ್ನು ಯಾರು ಕಲಿಸಿದ್ದು?”

“ಕಲಿಸ್ಲಿಕ್ಕೆ ಎಂತ ಉಂಟು? ಸೋಫಾ ಬಾಗಿಲಲ್ಲಿ ಹಿಡಿಸ್ತದೆ ಅಂದ್ರಿ, ಹಿಡಿಸಿತಾ? ರೋಡಿನಲ್ಲಿ ಜಾಮ್ ಇಲ್ಲ ಅಂದ್ರಿ, ಫ್ಲೈಟ್ ಸಿಕ್ಕಿತಾ?”

ಲತೇಶನಿಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಅಬುಧಾಬಿಯಲ್ಲಿ ಕೆಂಪು ತಂಡಕ್ಕೂ ನೀಲಿ ತಂಡಕ್ಕೂ ಮ್ಯಾಚ್, ಇವಳನ್ನು ಸೋಲಿಸಲೇಬೇಕು. ಕೆಂಪು ತಂಡ ಗೆಲ್ಲುತ್ತದೆಂದು ಅವನ ಒಳಮನಸ್ಸು ಹೇಳುತ್ತಿತ್ತು. ಅಂದಮೇಲೆ ಅದು ಸೋಲುವುದು ಖಾತ್ರಿ. ಹಾಗಾಗಿ ಕಸುಬಿನಲ್ಲಿ ಮೊದಲ ಬಾರಿ ಸುಳ್ಳು ಬರೆದ: ‘ಇವತ್ತು ನೀಲಿ.’ ಅವಳು ಉಲ್ಟಾ ಹಾಕಿ ಕೆಂಪಿನ ಜೊತೆ ಮುಳುಗಲಿ! ಉಳಿದ ಗಿರಾಕಿಗಳು ಆ ಸಿಟ್ಟಿನಲ್ಲಿ ಅವನಿಗೆ ನೆನಪಾಗಲೇ ಇಲ್ಲ.

ನೀಲಿ ಗೆದ್ದಿತು. ‘ಗುರುಗಳೇ, ನಮಸ್ಕಾರ’ ಎಂಬ ಮೆಸೇಜುಗಳ ನಡುವೆ ಆನ್ಸೆಲ್ಮ್‌ನ ಫೋನೂ ಬಂತು. “ಇನ್ನೂರು ಜನ ಒಟ್ಟಿಗೆ ಗೆದ್ರಲ್ಲ ಮಾರಾಯ! ನನ್ನನ್ನು ಮುಳುಗಿಸಿಬಿಟ್ಟೆ. ಇನ್ನು ನಿನ್ನ ಮುಖ ತೋರಿಸ್ಬೇಡ.”

ಲತೇಶ ಫೋನ್ ಇಟ್ಟು ಹೆಂಡತಿಯ ಕಡೆ ತಿರುಗಿದ. ಒಳಗೊಳಗೇ ಒಂದು ಸಣ್ಣ ಖುಷಿ.

“ಕೆಲಸ ಹೋದ್ರೆ ಹೋಗ್ಲಿ. ನೀನು ಸೋತೆ ಅಲ್ವಾ?”

“ನಾನೆಂತಕ್ಕೆ ಸೋಲ್ಬೇಕು?” ಸುಪ್ರೀತಾ ನಕ್ಕಳು. “ಟಿಪ್ ಕಳಿಸುವಾಗ ನೀವು ನನ್ನ ಮುಖ ನೋಡ್ಲಿಲ್ಲ. ಸುಳ್ಳು ಬರೀತಾ ಇದ್ದೀರಿ ಅಂತ ಅಲ್ಲೇ ಗೊತ್ತಾಯ್ತು. ಅದಕ್ಕೇ ಇವತ್ತು ನಿಮ್ಮ ಮಾತು ನಂಬಿದೆ.”