ಬಜ್ಜಿ ತಿಂದು ಬಂದ ಸಂಜೆ

ಮೂರು ವರ್ಷ ತುಂಬುವ ತನಕ ಮಕ್ಕಳಿಗೆ ಸ್ವಂತ ಹಸಿವು ಇರುವುದಿಲ್ಲ. ಅಮ್ಮನಿಗೆ ಹಸಿದರೆ ಅವಕ್ಕೂ ಹಸಿವು; ಅಮ್ಮನ ಹೊಟ್ಟೆ ತುಂಬಿದ್ದರೆ ಅವಕ್ಕೆ ಅನ್ನ ಕಂಡರಾಗದು. ಹಾಗಾಗಿ ಎಲ್ಲರ ಮನೆಯಲ್ಲೂ ಮಗು ಉಂಡ ಮೇಲೆಯೇ ತಾಯಿಯ ಊಟ.

ಸುಗುಣ ಇವತ್ತು ಔಷಧಿ ಅಂಗಡಿಯ ಕೆಲಸ ಮುಗಿಸಿ ಬರುವಾಗ, ತಡೆಯಲಾರದೆ, ಬಸ್ ನಿಲ್ದಾಣದ ಹತ್ತಿರ ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿ ತಿಂದುಬಿಟ್ಟಿದ್ದಳು. ಈಗ ಎರಡು ವರ್ಷದ ಮಗಳು ಇಂಚರ ಪ್ರತಿ ತುತ್ತಿಗೂ ಮುಖ ತಿರುಗಿಸುತ್ತಿದ್ದಳು.

"ಏನಾದ್ರೂ ತಿಂದ್ಕೊಂಡು ಬಂದ್ಯೇನಮ್ಮ?" ಅತ್ತೆ ಕೇಳಿದರು.

"ಇಲ್ಲ ಅತ್ತೆ. ಬೆಳಗ್ಗೆಯಿಂದ ಕಾಫೀನೂ ಕುಡಿದಿಲ್ಲ."

"ಹಾಗಾದ್ರೆ ದೃಷ್ಟೀನೇ. ಮಧ್ಯಾಹ್ನ ಪಂಕಜಮ್ಮ ಬಂದು ಮಗು ಕೆನ್ನೆ ಸವರಿ ಹೋದ್ರು. ಇನ್ಮೇಲೆ ಅವರ ಕೈಗೆ ಕೊಡಬಾರದು."

ಪಕ್ಕದ ಮನೆಯ ಪಂಕಜಮ್ಮನಿಗೆ ಮಕ್ಕಳಿಲ್ಲ. ದಿನಾ ಈ ಮಗುವನ್ನು ಎತ್ತಿಕೊಳ್ಳುವುದಕ್ಕೆಂದೇ ಬರುತ್ತಾರೆ. ಸುಗುಣ ತಟ್ಟೆಯ ಸಾರನ್ನವನ್ನು ಮತ್ತೆ ಕಲಸತೊಡಗಿದಳು. ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು.

"ನೋಡು, ಘಾಟೇ ಬರ್ಲಿಲ್ಲ. ಎಂಥ ದೃಷ್ಟಿ ಇದು."

ಸುಗುಣಳಿಗೆ ಮಾತ್ರ ಗಂಟಲೆಲ್ಲ ಮೆಣಸಿನಕಾಯಿಯ ಘಾಟು.

ಅಮ್ಮನ ಮುಖವನ್ನೇ ನೋಡುತ್ತಿದ್ದ ಇಂಚರ ತಟ್ಟೆಗೆ ಕೈ ಹಾಕಿ, ಒಂದಿಷ್ಟು ಸಾರನ್ನ ಹಿಡಿದು ಅವಳ ಬಾಯಿಗೆ ಒಡ್ಡಿದಳು.

"ಅಮ್ಮ, ಆ ಮಾಡು."

"ನೀನು ಹಸ್ಕೊಂಡಿದೀಯಾ ಅಂತ ಅದಕ್ಕೆ ಸಂಕಟ ಕಣೇ," ಅಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಂಡು. "ತಿನ್ನು, ಒಂದು ತುತ್ತಿಗೇನೂ ಆಗಲ್ಲ. ಮಗು ಮನಸ್ಸು ನೋಯಿಸ್ಬೇಡ."

ಸುಗುಣ ಬಾಯಿ ತೆರೆದಳು. ಆ ತುತ್ತು ಗಂಟಲಿಳಿಯುವ ಮೊದಲೇ ಇಂಚರ ಇನ್ನೊಂದನ್ನು ಹಿಡಿದು ನಿಂತಿದ್ದಳು.