ಕೋರಾಳ ಅಂಗಿ

ಇಮಾನಿ ಎಸೆದ ಚೆಂಡು ಬಾಸ್ಕೆಟ್‌ನ ಬಲೆಯನ್ನು ಸವರಿಕೊಂಡು ಇಳಿಯಿತು. ಮೂಗಿನ ರಕ್ತ ಮೆತ್ತಿದ ತನ್ನ ಅಂಗಿ ಕಳಚಿ, ಮಂಡಿಗೆ ಪೆಟ್ಟಾಗಿ ಮನೆಯಲ್ಲೇ ಉಳಿದ ತಂಡದ ಗೆಳತಿ ಕೋರಾಳ ಮೂವತ್ತೆರಡನೇ ನಂಬರಿನ ಅಂಗಿ ತೊಟ್ಟಾಗಿನಿಂದ, ಆಟವೆಲ್ಲ ಕನಸಿನಲ್ಲಿ ನಡೆದಂತೆ ನಡೆಯುತ್ತಿತ್ತು.

ಅಂಕಣದ ಅಂಚಿಗೆ ಬಂದಾಗ, ತಮ್ಮ ತಂಡಗಳಿಗೆ ಆಟಗಾರ್ತಿಯರನ್ನು ಆರಿಸಲು ಬಂದು ಕುರ್ಚಿಗಳಲ್ಲಿ ಕೂತಿದ್ದ ಕಾಲೇಜು ಕೋಚ್‌ಗಳ ಮಾತು ಕಿವಿಗೆ ಬಿತ್ತು.

"ಯಾರಯ್ಯಾ ಈ ಮೂವತ್ತೆರಡು? ಗಾಳೀಲಿ ತೇಲ್ತಾಳಲ್ಲ!"

"ಪಟ್ಟೀಲಿ ಕೋರಾ ವಿಟ್‌ಲಾಕ್ ಅಂತಿದೆ. ಮಂಡಿ ಹೋಯ್ತು ಅಂತ ಕೈಬಿಟ್ವಲ್ಲ, ಅದೇ ಹುಡುಗಿ."

"ಎಲ್ಲಿ ಹೋಯ್ತು? ಇವತ್ತೇ ಅವಳ ಮನೆಗೆ ಫೋನ್ ಮಾಡು."

ಊರೂರು ಅಲೆದ ಬೇಸಿಗೆಯ ಕೊನೆಯ ಆಟವಿದು. ಇಮಾನಿಯನ್ನು ಇನ್ನೂ ಯಾವ ಕಾಲೇಜೂ ಕರೆದಿರಲಿಲ್ಲ. "ಕೋಚ್, ನಾನು ಇಮಾನಿ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಮಂಡಿಯ ಆ ಪೆಟ್ಟಿನ ಮರುದಿನದಿಂದ ಕಾಲೇಜುಗಳ ಕರೆ ನಿಂತು ಸದ್ದೇ ಮಾಡದ ಕೋರಾಳ ಫೋನು ನೆನಪಾಯಿತು.

ಇಮಾನಿ ಕೋಚ್‌ಗಳಿಗೆ ಬೆನ್ನು ಮಾಡಿ ನಿಂತು, ಸುಕ್ಕಾಗಿದ್ದ ಅಂಗಿಯನ್ನು ಕೆಳಕ್ಕೆಳೆದು ಬೆನ್ನ ಮೇಲಿನ ಕೋರಾಳ ನಂಬರನ್ನು ನೆಟ್ಟಗೆ ಮಾಡಿದಳು.